ಅಲಾಸ್ಕಾ ಕ್ರೂಸ್: ಊಟ, ಉಪಚಾರ, ಊರು ಸುತ್ತಾಟ ಸಂಕೋಚವಿಲ್ಲದೆ ಸವಿಯುವುದು ಹೇಗೆ?

ಹಡಗಿನ ಮೊದಲ ರಾತ್ರಿ ನಾನು ತಿಂದದ್ದು ಎರಡು ಬ್ರೆಡ್ಡು, ಒಂದಿಷ್ಟು ಬೆಣ್ಣೆ. ಎದುರಿಗೆ ಎರಡು ಪುಟದ ಮೆನು ಇತ್ತು. ಬಿಳಿ ಮೇಜುಬಟ್ಟೆ, ಮೂರು ಥರದ ಚಮಚ, ಹಿಂದೆ ಕೈಕಟ್ಟಿ ನಿಂತ ವೇಟರ್. ಅಣಬೆ ಸೂಪು ಅಂದರೆ ಸಸ್ಯಾಹಾರ ಅಲ್ವಾ ಅಂತ ತರಿಸಿಕೊಂಡೆ. ಒಂದು ಚಮಚ ಬಾಯಿಗಿಟ್ಟಾಗ ಅನುಮಾನ ಬಂತು, ಕೇಳಿದೆ. ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದಂತೆ. ಬೇರೆ ಏನಾದರೂ ಕೊಡಿ ಅನ್ನಲು ನಾಚಿಕೆ. 'ಹೊಟ್ಟೆ ತುಂಬಿದೆ' ಅಂದುಬಿಟ್ಟೆ. ಮನೆಯವಳು ನನ್ನನ್ನು ದುರುಗುಟ್ಟಿ ನೋಡಿದಳು.

ಮರುದಿನ ಬೆಳಿಗ್ಗೆ ಅದೇ ವೇಟರ್ ಬಂದು ಕನ್ನಡದಲ್ಲೇ ಕೇಳಿದ, 'ನಿನ್ನೆ ಯಾಕೆ ಊಟ ಮಾಡಲಿಲ್ಲ ಸರ್? ಒಂದು ಮಾತು ಹೇಳಿದ್ದರೆ ದಾಲ್ ಮಾಡಿಸಿ ಕೊಡ್ತಿದ್ದೆ.' ಮಂಗಳೂರಿನ ಹುಡುಗ. ನಾವು ಮಾತಾಡಿಕೊಳ್ಳುವುದು ಅವನ ಕಿವಿಗೆ ಬಿದ್ದಿತ್ತು. ನಾನು ಈ ಲೇಖನ ಬರೆಯುತ್ತಿರುವುದೇ ಅವನ ಆ ಮಾತಿನಿಂದ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರಿಗೆ ಈಗ ಅಲಾಸ್ಕಾ ಕ್ರೂಸ್ ಹೆಚ್ಚುಕಡಿಮೆ ಕಡ್ಡಾಯ ಆಗಿಬಿಟ್ಟಿದೆ. ಮಕ್ಕಳು ಟಿಕೆಟ್ ಮಾಡಿಸುತ್ತಾರೆ, ನಾವು ಹತ್ತುತ್ತೇವೆ. ಹತ್ತಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ.

1. ಯಾವ ಹಡಗು, ಎಲ್ಲಿಂದ?

ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಹಡಗುಗಳು ಓಡುತ್ತವೆ. ಸಿಯಾಟಲ್ ಅಥವಾ ಕೆನಡಾದ ವ್ಯಾಂಕೂವರ್‌ನಿಂದ ಹೊರಡುವುದು ಜಾಸ್ತಿ. ಸಿಯಾಟಲ್‌ನಿಂದ ಏಳು ರಾತ್ರಿಯ ಪ್ರಯಾಣ, ಹೋಗಿ ಅಲ್ಲಿಗೇ ವಾಪಸ್. ಈ ದಾರಿಯಲ್ಲಿ ಹಡಗು ಸ್ವಲ್ಪ ಹೊತ್ತು ತೆರೆದ ಪೆಸಿಫಿಕ್ ಸಮುದ್ರಕ್ಕೆ ಬೀಳುತ್ತದೆ, ತೂಗಾಟ ಇರುತ್ತದೆ. ವ್ಯಾಂಕೂವರ್‌ನಿಂದ ಹೊರಟರೆ ದ್ವೀಪಗಳ ನಡುವಿನ ಒಳದಾರಿ, ನೀರು ಶಾಂತ. ಬಸ್ಸಿನಲ್ಲೇ ವಾಂತಿ ಬರುವವರು ಇದನ್ನು ನೋಡಿಕೊಂಡು ಆರಿಸಿ. ಕ್ಯಾಬಿನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿದ್ದರೆ ತೂಗಾಟ ಕಡಿಮೆ.

ಸಿಯಾಟಲ್‌ನಿಂದ ಹೊರಡುವವು ಬಹುಪಾಲು ಎರಡು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ದೊಡ್ಡ ಹಡಗುಗಳು. ನಿಜವಾದ ಐಷಾರಾಮಿ ಹಡಗುಗಳು ಚಿಕ್ಕವು. ಸೀಬರ್ನ್, ಸಿಲ್ವರ್‌ಸೀ, ರೀಜೆಂಟ್ ಅಂಥ ಕಂಪನಿಗಳ ಹಡಗುಗಳಲ್ಲಿ ಸಾವಿರಕ್ಕಿಂತ ಕಡಿಮೆ ಜನ. ಟಿಕೆಟ್ ದುಬಾರಿ. ಆದರೆ ಟಿಪ್ಸು, ಹೆಚ್ಚಿನ ಪಾನೀಯಗಳು ಅದರಲ್ಲೇ ಸೇರಿರುತ್ತವೆ. ಸಿಲ್ವರ್‌ಸೀಯಲ್ಲಿ ಪ್ರತಿ ಕೋಣೆಗೂ ಬಟ್ಲರ್, ಅಂದರೆ ಖಾಸಗಿ ಪರಿಚಾರಕ, ಇರುತ್ತಾನೆ. ರೀಜೆಂಟ್‌ನಲ್ಲಿ ದಡದ ಸುತ್ತಾಟಗಳಲ್ಲೂ ಬಹಳಷ್ಟು ಟಿಕೆಟ್ಟಿನೊಳಗೇ ಬರುತ್ತವೆ. ದೊಡ್ಡ ಹಡಗಿನಲ್ಲಿ ಟಿಕೆಟ್ ಅಗ್ಗ ಅನಿಸುತ್ತದೆ, ಆಮೇಲೆ ದಿನಕ್ಕೆ ಇಷ್ಟು ಅಂತ ತಲೆಗೆ ಟಿಪ್ಸು, ವಿಶೇಷ ರೆಸ್ಟೋರೆಂಟಿಗೆ ಬೇರೆ ದುಡ್ಡು, ವೈಫೈಗೆ ಬೇರೆ. ಎರಡನ್ನೂ ಕೂಡಿಸಿ ಕಳೆದು ನೋಡದೆ ಅಗ್ಗ ಯಾವುದು ಅಂತ ತೀರ್ಮಾನಿಸಬೇಡಿ.

ಇಲ್ಲೊಂದು ಕಾನೂನಿನ ಕೊಂಡಿ ಇದೆ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಿಂದ ಜನರನ್ನು ಹತ್ತಿಸಿಕೊಂಡು, ನಡುವೆ ಎಲ್ಲೂ ಪರದೇಶಕ್ಕೆ ಹೋಗದೆ ಅಮೆರಿಕದಲ್ಲೇ ಇಳಿಸುವಂತಿಲ್ಲ. 1886ರ ಕಾನೂನು ಇದು, ಇನ್ನೂ ಚಾಲ್ತಿಯಲ್ಲಿದೆ. ಹಾಗಾಗಿ ಅಂಥ ಸಿಯಾಟಲ್ ಹಡಗುಗಳು ಹೆಚ್ಚಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ನಮ್ಮ ಪಾಸ್‌ಪೋರ್ಟಿನವರಿಗೆ ಕೆನಡಾಕ್ಕೂ ವೀಸಾ ಬೇಕು. ವಾಪಸ್ ಬರಲು ಅಮೆರಿಕದ ವೀಸಾ ಹಲವು ಸಲ ಪ್ರವೇಶ ಕೊಡುವಂಥದ್ದೇ ಆಗಿರಬೇಕು. ಬಂದರಿನ ಕೌಂಟರಿನಲ್ಲಿ ಈ ವಿಷಯ ಗೊತ್ತಾದರೆ ಪ್ರಯೋಜನವಿಲ್ಲ. ಟಿಕೆಟ್ ಮಾಡಿಸುವ ಮೊದಲೇ ಮಕ್ಕಳ ಕೈಲಿ ಹೇಳಿಸಿಕೊಳ್ಳಿ.

2. ಪೆಟ್ಟಿಗೆ ಕಟ್ಟುವಾಗ

ಜುಲೈಯಲ್ಲೂ ಸ್ವೆಟರ್ ಬೇಕು, ಮಳೆ ಕೋಟು ಬೇಕು. ಛತ್ರಿಗಿಂತ ಕೋಟೇ ವಾಸಿ, ಡೆಕ್ಕಿನ ಗಾಳಿಗೆ ಛತ್ರಿ ಮಡಚಿಕೊಳ್ಳುತ್ತದೆ. ದೊಡ್ಡ ಹಡಗುಗಳಲ್ಲಿ ಒಂದೆರಡು ರಾತ್ರಿ 'ಫಾರ್ಮಲ್ ನೈಟ್' ಇರುತ್ತದೆ. ಅದಕ್ಕಾಗಿ ಸೂಟು ಹೊಲಿಸಬೇಕಿಲ್ಲ. ನಮ್ಮವಳು ಮೈಸೂರು ರೇಷ್ಮೆ ಸೀರೆ ಉಟ್ಟಳು. ಫೋಟೋ ಕೇಳಿದವರ ಸಾಲು ನಾನು ಟೈ ಕಟ್ಟಿಕೊಂಡದ್ದಕ್ಕೆ ಬರಲಿಲ್ಲ.

ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ. ಬೆಂಕಿ ಭಯಕ್ಕೆ ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ. ಬಿಸಿನೀರು ಕೇಳಿದರೆ ಥರ್ಮಾಸಿನಲ್ಲಿ ತಂದುಕೊಡುತ್ತಾರೆ. ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು ಮೊದಲಾದವನ್ನು ಅಂಗಡಿಯ ಸೀಲು ಒಡೆಯದ ಪ್ಯಾಕೆಟ್ಟಿನಲ್ಲಿ ತನ್ನಿ, ಮನೆಯ ಡಬ್ಬಿಯಲ್ಲಿ ಬೇಡ. ಹಣ್ಣು ಹಂಪಲನ್ನು ಹಡಗಿನಿಂದ ದಡಕ್ಕೆ ಒಯ್ಯುವಂತಿಲ್ಲ, ಬಾಳೆಹಣ್ಣನ್ನೂ.

ಊಟದ ಪಥ್ಯ ಏನಿದ್ದರೂ ಹೊರಡುವ ಕೆಲವು ವಾರ ಮೊದಲೇ ಹಡಗಿನ ಕಂಪನಿಗೆ ತಿಳಿಸಿ. ಇಂಡಿಯನ್ ಸಸ್ಯಾಹಾರ, ಜೈನ ಊಟ, ಸಕ್ಕರೆ ಕಾಯಿಲೆ, ಕಡಲೆಕಾಯಿ ಅಲರ್ಜಿ, ಯಾವುದಾದರೂ ಸರಿ.

3. ಹತ್ತಿದ ದಿನವೇ ಮೂರು ಕೆಲಸ

ಒಂದು, ಸುರಕ್ಷತೆಯ ಡ್ರಿಲ್. ಅಪಾಯ ಬಂದರೆ ಎಲ್ಲಿ ಸೇರಬೇಕು ಎಂದು ತೋರಿಸುತ್ತಾರೆ. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಮುಳುಗಿದ ಮೇಲೆ ಇದನ್ನು ಬಂದರು ಬಿಡುವ ಮೊದಲೇ ಮುಗಿಸಬೇಕೆಂಬ ನಿಯಮ ಬಂತು. ತಪ್ಪಿಸಿಕೊಳ್ಳಲು ನೋಡಬೇಡಿ, ಹೆಸರು ಹಿಡಿದು ಕರೆಯುತ್ತಾರೆ.

ಎರಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುಸಮುದ್ರದಲ್ಲಿ ಅದು ಹಡಗಿನ ಉಪಗ್ರಹ ನೆಟ್‌ವರ್ಕಿಗೆ ತಾನಾಗಿಯೇ ಅಂಟಿಕೊಂಡರೆ ಬಿಲ್ಲು ನೋಡಿ ಮಗಳು ಬೈಯುತ್ತಾಳೆ.

ಮೂರನೆಯದೇ ಮುಖ್ಯ. ಊಟದ ಹಾಲಿಗೆ ಹೋಗಿ ಅಲ್ಲಿನ ಹೆಡ್ ವೇಟರನ್ನು ಭೇಟಿ ಮಾಡಿ. ರಾತ್ರಿ ಊಟದ ಗಲಾಟೆಯಲ್ಲಿ ಬೇಡ, ಮಧ್ಯಾಹ್ನವೇ ಹೋಗಿ.

4. ಊಟ: ಬಾಯಿಬಿಟ್ಟು ಹೇಳಿ

'ಐ ಆಮ್ ವೆಜಿಟೇರಿಯನ್' ಅಂದರೆ ಸಾಲದು. ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ಕೆಲವರಿಗೆ ಮೀನೂ ನಡೆಯುತ್ತದೆ. ಹಾಗಾಗಿ ಬಿಡಿಸಿ ಹೇಳಿ: ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ, ಮಾಂಸ ಬೇಯಿಸಿದ ನೀರೂ ಇಲ್ಲ. ಮೋಸಹೋಗುವ ಜಾಗಗಳು ನಾಲ್ಕು. ಸೂಪು, ಅದರ ಕಥೆ ಆಗಲೇ ಹೇಳಿದೆ. ಸೀಸರ್ ಸಲಾಡು, ಅದರ ಡ್ರೆಸ್ಸಿಂಗಿನಲ್ಲಿ ಆಂಚೋವಿ ಅನ್ನುವ ಸಣ್ಣ ಮೀನು ಅರೆದಿರುತ್ತಾರೆ. ಅಲುಗಾಡುವ ಜೆಲ್ಲಿ ಥರದ ಸಿಹಿಗಳು, ಅವುಗಳಲ್ಲಿ ಪ್ರಾಣಿಮೂಲದ ಜೆಲಾಟಿನ್. ಥಾಯ್ ಅಡುಗೆ, ಅದರಲ್ಲಿ ಮೀನಿನ ಸಾಸು.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಪಥ್ಯದವರ ಮೇಜಿಗೆ ಹೆಡ್ ವೇಟರ್ ಪ್ರತಿ ರಾತ್ರಿ ಮರುದಿನದ ಮೆನು ತಂದು ತೋರಿಸುತ್ತಾರೆ. ಅದರಲ್ಲಿ ಗುರುತು ಹಾಕಿಕೊಟ್ಟರೆ ಅಡುಗೆಮನೆಯವರು ಬೇರೆಯಾಗಿ ಮಾಡಿಡುತ್ತಾರೆ. ಮೆನುವಿನಲ್ಲಿ ಇಲ್ಲದ್ದನ್ನೂ ಕೇಳಬಹುದು. ಹಡಗುಗಳ ಅಡುಗೆಮನೆಯಲ್ಲಿ ಇಂಡಿಯದವರು ಇದ್ದೇ ಇರುತ್ತಾರೆ. ಗೋವಾ, ಮುಂಬೈ, ಕೇರಳ, ನಮ್ಮ ಮಂಗಳೂರು, ಉಡುಪಿ ಕಡೆಯವರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೋದವರು. ಎರಡನೇ ರಾತ್ರಿಯಿಂದ ನಮಗೆ ದಾಲ್, ಆಲೂಗೋಬಿ, ಬಿಸಿ ರೊಟ್ಟಿ ಬಂತು. ಮೂರನೇ ರಾತ್ರಿ ಪಕ್ಕದ ಮೇಜಿನ ಟೆಕ್ಸಾಸ್ ದಂಪತಿ ನಮ್ಮ ತಟ್ಟೆ ತೋರಿಸಿ 'ಅದೇ ಕೊಡಿ' ಅಂದರು. ದೋಸೆ ಮಾತ್ರ ಕೇಳಬೇಡಿ. ಮಾಡಿಕೊಡುತ್ತಾರೆ, ಅದೇ ಸಮಸ್ಯೆ.

ಹಾಗಂತ ಏಳು ದಿನವೂ ದಾಲ್ ತಿನ್ನಲು ಅಷ್ಟು ದೂರ ಹೋಗಬೇಕೇ? ಒಂದು ಹೊತ್ತು ನಮ್ಮದು, ಒಂದು ಹೊತ್ತು ಅವರದು ಅಂತ ಇಟ್ಟುಕೊಂಡೆವು. ಮೀನು ತಿನ್ನುವವರಿಗಂತೂ ಹಬ್ಬ. ಅಲ್ಲಿನ ಸಾಲ್ಮನ್, ಹಾಲಿಬಟ್ ತಾಜಾ ಸಿಗುತ್ತವೆ. ಮೇಜಿನ ಮೇಲಿನ ಚಮಚಗಳಿಗೆ ಹೆದರಬೇಡಿ, ಹೊರಗಿನಿಂದ ಒಳಕ್ಕೆ ಒಂದೊಂದೇ ಬಳಸುತ್ತ ಬನ್ನಿ. ಒಂದು ತಪ್ಪಾದರೆ ಇನ್ನೊಂದು ತಂದಿಡುತ್ತಾರೆ, ಅಷ್ಟೇ.

ಬಫೆ ಬಗ್ಗೆ ಒಂದೇ ಮಾತು. ಮೊದಲು ಬರಿಗೈಯಲ್ಲಿ ಒಂದು ಸುತ್ತು ಬನ್ನಿ, ಆಮೇಲೆ ತಟ್ಟೆ ಹಿಡಿಯಿರಿ. ಒಳಗೆ ಹೋಗುವಾಗ ಕೈ ಸೋಪು ಹಾಕಿ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೋರೋವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

5. ಉಪಚಾರ ಮಾಡಿಸಿಕೊಳ್ಳುವುದು

ಇದು ನಮಗೆ ಕಷ್ಟದ ಪಾಠ. ಕೋಣೆ ಅಚ್ಚುಕಟ್ಟು ಮಾಡುವ ಸ್ಟೀವರ್ಡ್ ಬರುವ ಮೊದಲು ನಮ್ಮವಳು ಹಾಸಿಗೆ ಮಡಚಿ, ಬಚ್ಚಲು ಒರೆಸಿ ಇಡುತ್ತಿದ್ದಳು. ಆತ ಪಾಪ, ತನ್ನ ಕೆಲಸದಲ್ಲಿ ಏನೋ ತಪ್ಪಾಗಿದೆ ಅಂದುಕೊಂಡ. ಹಾಗೆ ಮಾಡಬೇಡಿ. ಅವರ ಹೆಸರು ಕೇಳಿ ನೆನಪಿಟ್ಟುಕೊಳ್ಳಿ. ದಿಂಬು ಗಟ್ಟಿ, ರಾತ್ರಿ ಫ್ಲಾಸ್ಕಿನಲ್ಲಿ ಬಿಸಿನೀರು ಬೇಕು, ಬೆಳಿಗ್ಗೆ ಎಂಟಕ್ಕೆ ಮೊದಲು ಬಾಗಿಲು ತಟ್ಟಬೇಡಿ, ಇವೆಲ್ಲ ಮೊದಲ ದಿನವೇ ಹೇಳುವಂಥವು. ಏಳನೇ ದಿನ ಹೇಳಿದರೆ ದೂರು ಆಗುತ್ತದೆ. ಬಟ್ಲರ್ ಇದ್ದರೆ ಪೆಟ್ಟಿಗೆ ಬಿಚ್ಚಿ ಬಟ್ಟೆ ಜೋಡಿಸಿಡುವುದೂ ಅವರ ಕೆಲಸವೇ. ಬೇಡ ಅನಿಸಿದರೆ ಬೇಡ ಅನ್ನಿ, ಅದರಲ್ಲೂ ತಪ್ಪಿಲ್ಲ.

ಇವರೆಲ್ಲ ತಿಂಗಳುಗಟ್ಟಲೆ ಕಾಂಟ್ರ್ಯಾಕ್ಟಿನ ಮೇಲೆ ಮನೆಮಂದಿ ಬಿಟ್ಟು ಬಂದವರು. ಟಿಪ್ಸು ಟಿಕೆಟ್ಟಿನಲ್ಲಿ ಸೇರಿದ್ದರೂ, ನಿಜವಾಗಿ ಮುತುವರ್ಜಿ ವಹಿಸಿದವರಿಗೆ ಕೊನೆಯ ದಿನ ಕೈಯಲ್ಲಿ ಒಂದಿಷ್ಟು ಕೊಟ್ಟರೆ ಚೆಂದ. ಕೊನೆಯಲ್ಲಿ ತುಂಬಲು ಕೊಡುವ ಅಭಿಪ್ರಾಯದ ಫಾರಮ್ಮಿನಲ್ಲಿ ಹೆಸರು ಹಾಕಿ ಎರಡು ಸಾಲು ಬರೆಯಿರಿ. ನಮ್ಮ ಮಂಗಳೂರಿನ ಹುಡುಗ ದುಡ್ಡಿಗಿಂತ ಅದನ್ನೇ ಕೇಳಿದ್ದು.

6. ದಡಕ್ಕೆ ಇಳಿದಾಗ

ಊರು ಸುತ್ತಲು ಎರಡು ದಾರಿ. ಹಡಗಿನ ಮೂಲಕ ಟೂರ್ ತೆಗೆದುಕೊಂಡರೆ ದುಬಾರಿ, ಆದರೆ ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವೇ ಹೊರಗೆ ಮಾಡಿಕೊಂಡರೆ ಅಗ್ಗ, ಆದರೆ ಹಡಗು ಕಾಯುವುದಿಲ್ಲ. ನಾವು ಜೂನೋದಲ್ಲಿ ತಿಮಿಂಗಿಲ ನೋಡಲು ಒಂದು ಸಣ್ಣ ದೋಣಿಯವರ ಬಳಿ ಹೊರಗಿನಿಂದಲೇ ಟಿಕೆಟ್ ಮಾಡಿದ್ದೆವು. ತಿಮಿಂಗಿಲ ಸಿಕ್ಕಿತು, ವಾಪಸ್ ವ್ಯಾನು ಸಿಗಲಿಲ್ಲ. ಎಲ್ಲರೂ ಹತ್ತಿರಬೇಕಾದ ಸಮಯಕ್ಕೆ ಏಳು ನಿಮಿಷ ಇದೆ ಅನ್ನುವಾಗ, ಅರವತ್ತೆಂಟು ವಯಸ್ಸಿನ ನಾನು ಬಂದರಿನಲ್ಲಿ ಓಡಿದ್ದೇನೆ. ಜೂನೋ ಅಲಾಸ್ಕಾದ ರಾಜಧಾನಿ, ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗು ತಪ್ಪಿದರೆ ವಿಮಾನ ಹಿಡಿದು ಮುಂದಿನ ಊರಿಗೆ ಹೋಗಬೇಕು, ಸ್ವಂತ ಖರ್ಚಿನಲ್ಲಿ. ಇನ್ನೊಂದು ವಿಷಯ, ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ನಂಬಬೇಡಿ. ಕೈಗಡಿಯಾರ ಕಟ್ಟಿ, ಹಡಗಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಿ.

ಜೂನೋದಲ್ಲಿ ಮೆಂಡೆನ್‌ಹಾಲ್ ಹಿಮನದಿ ಪೇಟೆಯಿಂದ ಸುಮಾರು 20 ಕಿ.ಮೀ. ಬಂದರಿನಿಂದಲೇ ಬಸ್ಸಿದೆ. ಅಲ್ಲಿ ನಗೆಟ್ ಜಲಪಾತದ ಬುಡದವರೆಗೆ ಹೋಗಿಬರಲು ಮೂರು ಕಿ.ಮೀ.ಗೂ ಸ್ವಲ್ಪ ಜಾಸ್ತಿ ನಡಿಗೆ, ಹೆಚ್ಚು ಏರಿಳಿತವಿಲ್ಲ. ಮಂಡಿ ನೋವಿನವರೂ ನಿಧಾನವಾಗಿ ಹೋಗಬಹುದು.

ಸ್ಕಾಗ್ವೇಯಲ್ಲಿ ಬೇರೇನೂ ಮಾಡದಿದ್ದರೂ ರೈಲು ಹತ್ತಿ. 1897-98ರಲ್ಲಿ ಗಡಿಯಾಚೆ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದೆ ಅನ್ನುವ ಸುದ್ದಿಗೆ ಸಾವಿರಾರು ಜನ ಈ ಊರಿಗೆ ಬಂದು ಬಿದ್ದರು. ಒಂದು ವರ್ಷಕ್ಕಾಗುವ ಸಾಮಾನು, ಹತ್ತಿರ ಹತ್ತಿರ ಒಂದು ಟನ್, ಹೊತ್ತು ತಾರದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಬೆಟ್ಟ ಹತ್ತಿ ಇಳಿದು ಹತ್ತಿ ಇಳಿದು ಸಾಮಾನು ಸಾಗಿಸಿದರು. ದಾರಿಯಲ್ಲಿ ಸಾವಿರಾರು ಕುದುರೆಗಳು ಸತ್ತವು. ವೈಟ್ ಪಾಸ್ ರೈಲು ದಾರಿಯ ಕೆಲಸ 1898ರಲ್ಲಿ ಶುರುವಾಗಿ 1900ರಲ್ಲಿ ಮುಗಿಯುವ ಹೊತ್ತಿಗೆ ಚಿನ್ನದ ಗಲಾಟೆಯೇ ತಣ್ಣಗಾಗಿತ್ತು. ಮೂರು ಅಡಿಯ ಕಿರುಹಳಿ, 32 ಕಿ.ಮೀ.ಯಲ್ಲಿ ಸುಮಾರು 870 ಮೀಟರ್ ಏರುತ್ತದೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಐವತ್ತು ಅಡಿ ಸಾಗಿದರೆ ಒಂದು ಅಡಿ ಏರು, ಇಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು. ಹೋಗುವಾಗ ಎಡಗಡೆ ಕೂರಿ, ಕಣಿವೆ ಆ ಕಡೆಗಿದೆ.

ಕೆಚಿಕಾನ್ ಮಳೆಯೂರು. ವರ್ಷದ ಮಳೆ ನಮ್ಮ ಮಡಿಕೇರಿಗಿಂತ ಕಡಿಮೆಯೇನಲ್ಲ. ಅಮೆರಿಕದವರು ಪ್ಲಾಸ್ಟಿಕ್ ಹೊದ್ದು ಗೊಣಗುತ್ತಿದ್ದರೆ ನಮ್ಮವಳು, ಮಲೆನಾಡಿನವಳು, ಊರಿಗೆ ಬಂದವಳಂತೆ ನಡೆದಳು. ಹೊಳೆಯ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟ್ ನೋಡಿ. ಟೋಟೆಮ್ ಬೈಟ್‌ನಲ್ಲಿ ಅಲ್ಲಿನ ಮೂಲನಿವಾಸಿಗಳು ಮರದ ಕಂಬಗಳಲ್ಲಿ ಕೆತ್ತಿದ ಕಥೆಗಳಿವೆ. ಅವು ದೇವರ ವಿಗ್ರಹಗಳಲ್ಲ, ಮನೆತನದ ಚರಿತ್ರೆ.

ಗ್ಲೇಸಿಯರ್ ಬೇಯಲ್ಲಿ ದಡಕ್ಕೆ ಇಳಿಯುವುದಿಲ್ಲ. ಅಲ್ಲಿಗೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶ. ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಹಡಗಿಗೇ ಬಂದು ಮೈಕಿನಲ್ಲಿ ವಿವರಿಸುತ್ತಾರೆ. 1750ರ ಸುಮಾರಿಗೆ ಈ ಕೊಲ್ಲಿಯೇ ಇರಲಿಲ್ಲ, ಪೂರಾ ಹಿಮ. ಈಗ ಹಡಗು ನೂರು ಕಿಲೋಮೀಟರ್ ಹತ್ತಿರ ಒಳಗೆ ಹೋಗುತ್ತದೆ. ಬೆಳಿಗ್ಗೆ ಬೇಗ ತಿಂಡಿ ಮುಗಿಸಿ ಡೆಕ್ಕಿಗೆ ಹೋಗಿ. ಹಾಲೆಂಡ್ ಅಮೆರಿಕ ಅನ್ನುವ ಕಂಪನಿಯ ಹಡಗಾದರೆ ಡೆಕ್ಕಿನ ಮೇಲೆ ಬಿಸಿ ಬಟಾಣಿ ಸೂಪು ಕೊಡುವ ರೂಢಿಯಿದೆ. ಆ ಡಚ್ ಸೂಪಿಗೆ ಹಂದಿಮಾಂಸ ಹಾಕುತ್ತಾರೆ, ಕೇಳಿಕೊಂಡೇ ಕುಡಿಯಿರಿ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಲ್ಲುತ್ತದೆ. ಮೊಬೈಲು ಜೇಬಿನಲ್ಲಿಟ್ಟು ಸುಮ್ನೆ ನಿಲ್ಲಿ. ಹಿಮದ ಗೋಡೆಯ ತುಂಡು ನೀರಿಗೆ ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅಲ್ಲಿನ ಟ್ಲಿಂಗಿಟ್ ಜನ ಅದನ್ನು ಬಿಳಿ ಗುಡುಗು ಅನ್ನುತ್ತಾರೆ.

7. ಕೊನೆಯ ರಾತ್ರಿ

ಬಣ್ಣದ ಚೀಟಿ ಕಟ್ಟಿದ ಪೆಟ್ಟಿಗೆಗಳನ್ನು ರಾತ್ರಿ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಬೆಳಿಗ್ಗೆ ಅವು ಬಂದರಿನ ಶೆಡ್ಡಿನಲ್ಲಿ ಸಿಗುತ್ತವೆ. ಪಾಸ್‌ಪೋರ್ಟು, ಮಾತ್ರೆ, ಹಲ್ಲುಜ್ಜುವ ಬ್ರಷ್ಷು ಕೈಚೀಲದಲ್ಲಿರಲಿ. ಮರುದಿನ ಹಾಕಿಕೊಳ್ಳುವ ಬಟ್ಟೆಯೂ. ನಾನು ಪ್ಯಾಂಟುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಹೊರಗಿಟ್ಟಿದ್ದೆ. ಸಿಯಾಟಲ್ ಬಂದರಿನಲ್ಲಿ ಮೇಲೆ ಕೋಟು, ಕೆಳಗೆ ಪಂಚೆಯಲ್ಲಿ ಇಳಿದ ನನ್ನನ್ನು ಇಮಿಗ್ರೇಷನ್ ಅಧಿಕಾರಿ ಒಂದು ಸಲ ಮೇಲಿಂದ ಕೆಳಗೆ ನೋಡಿ ಪಾಸ್‌ಪೋರ್ಟ್ ವಾಪಸ್ ಕೊಟ್ಟ.