ನಮ್ಮ ಬೇಲಿಯಲ್ಲೇ ಅರಳಿದ ತೋಕ್ ಪೂ

ಸೆಪ್ಟೆಂಬರ್ 3ರ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲ ಕೆಲಸ ಹೂ ತರುವುದು. ಅವತ್ತು ಕೈಲ್ ಪೊಳ್ದ್, ಕೊಡಗಿನಲ್ಲಿ ನಾವು ಆಯುಧ ಪೂಜೆ ಮಾಡುವ ಹಬ್ಬ. ಗದ್ದೆ ನಾಟಿ ಮುಗಿದಿರುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ಒರೆಸಿ ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಸಾಲಾಗಿ ಇಡುತ್ತೇವೆ. ಕೋವಿಗೆ ಗಂಧ ಹಚ್ಚಿ, ನಳಿಗೆಯ ಬಾಯಿಗೆ ಒಂದು ತೋಕ್ ಪೂ ಸಿಕ್ಕಿಸುತ್ತೇವೆ. ಕೊಡವ ತಕ್ಕಿನಲ್ಲಿ ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ಕನ್ನಡದಲ್ಲಿ ಇದಕ್ಕೆ ಗೌರಿ ಹೂ, ಅಗ್ನಿಶಿಖೆ ಅಂತ ಹೆಸರು. ತಮಿಳುನಾಡಿನ ರಾಜ್ಯ ಪುಷ್ಪವೂ ಇದೇ, ದೂರದ ಜಿಂಬಾಬ್ವೆಯ ರಾಷ್ಟ್ರ ಪುಷ್ಪವೂ ಇದೇ.

ನಾನು ಚಿಕ್ಕವಳಿದ್ದಾಗ ಈ ಹೂವನ್ನು ಹುಡುಕಬೇಕಾಗಿರಲಿಲ್ಲ. ಗದ್ದೆಗೆ ಇಳಿಯುವ ದಾರಿಯ ಬೇಲಿಯಲ್ಲಿ, ಲಂಟಾನದ ಮೇಲೆಲ್ಲ ಹಬ್ಬಿರುತ್ತಿತ್ತು. ಕೈ ಚಾಚಿದರೆ ಹೂ. ಆಮೇಲೆ ಜೀವಂತ ಬೇಲಿ ಹೋಗಿ ಮುಳ್ಳುತಂತಿ, ಸೋಲಾರ್ ತಂತಿ ಬಂತು. ತಂತಿಯ ಬುಡಕ್ಕೆ ಕಳೆನಾಶಕ ಹೊಡೆಯುವುದು ಶುರುವಾಯಿತು. ರಸ್ತೆ ಅಗಲ ಮಾಡುವಾಗ ಜೆಸಿಬಿ ದಾರಿ ಬದಿಯ ಮಣ್ಣಿನ ಬರೆಯನ್ನೆಲ್ಲ ಕೆರೆದು ಹಾಕಿತು. 2018ರ ಹಬ್ಬಕ್ಕೆ ಒಂದು ಹೂವಿಗಾಗಿ ಮೈಲಿಗಟ್ಟಲೆ ತಿರುಗಿದೆವು. ಸಿಕ್ಕಿದ್ದು ಎರಡು. ಆ ವರ್ಷ ಹೇಗೂ ಯಾರಿಗೂ ಹಬ್ಬದ ಮನಸ್ಸಿರಲಿಲ್ಲ, ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಎಷ್ಟೋ ಮನೆ ಹೋಗಿದ್ದವು. ಆದರೆ ಆ ಎರಡು ಹೂ ನನ್ನ ತಲೆಯಲ್ಲಿ ಉಳಿಯಿತು. ಮುಂದಿನ ವರ್ಷದಿಂದ ನಾವೇ ಬೆಳೆಸಬೇಕು ಅಂತ ಅಂದುಕೊಂಡೆ.

ಕಾಡಿನಲ್ಲಿ ತಾನಾಗೇ ಬೆಳೆಯುವ ಗಿಡ, ಮನೆಯಲ್ಲಿ ಬೆಳೆಯದೆ ಇರುತ್ತದಾ ಅಂತ ನಂಬಿದ್ದೆ. ತಪ್ಪು ಅಲ್ಲೇ ಆಯಿತು.

2019ರ ಮೇ ತಿಂಗಳಲ್ಲಿ ನಮ್ಮ ಬಾಣೆಯ (ಗದ್ದೆಗೆ ಸೇರಿದ ಕಾಡು ಜಾಗ) ಅಂಚಿನಿಂದ ಮೂರು ಗೆಡ್ಡೆ ಅಗೆದು ತಂದೆ. ಅಂಗಳದ ಪಕ್ಕ, ಗುಲಾಬಿ ಇದ್ದ ಪಾತಿಯಲ್ಲಿ ನೆಟ್ಟೆ. ಗೊಬ್ಬರ ಚೆನ್ನಾಗಿ ಹಾಕಿದ್ದೆ. ಮೊಳಕೆಯೂ ಬಂತು, ಮೊಣಕಾಲೆತ್ತರ ಬೆಳೆಯಿತು. ಆಗಸ್ಟ್ ಮಳೆ ಶುರುವಾಯಿತು. ಆ ವರ್ಷ ದಕ್ಷಿಣ ಕೊಡಗಿನಲ್ಲಿ ಮಳೆ ಹೇಗೆ ಹೊಡೆಯಿತು ಅನ್ನುವುದನ್ನು ಇಲ್ಲಿಯವರಿಗೆ ಹೇಳಬೇಕಿಲ್ಲ. ಮಾಡಿನ ನೀರೆಲ್ಲ ಅದೇ ಪಾತಿಗೆ ಬೀಳುತ್ತಿತ್ತು. ಒಂದು ವಾರದಲ್ಲಿ ಬಳ್ಳಿ ಹಳದಿಯಾಗಿ ಬಾಗಿತು. ಅಗೆದು ನೋಡಿದರೆ ಗೆಡ್ಡೆ ಕೊಳೆತು ಅಂಬಲಿಯ ಹಾಗೆ ಆಗಿತ್ತು.

ಮರುವರ್ಷ ಒಂದು ನರ್ಸರಿಯಿಂದ 12 ಗೆಡ್ಡೆ ತರಿಸಿದೆ. ನೋಡಲು ದಪ್ಪಗೆ, ಚೆನ್ನಾಗಿದ್ದವು. ನಾಲ್ಕೇ ಮೊಳೆತವು. ಉಳಿದವು ಕೊಳೆಯಲೂ ಇಲ್ಲ, ಚಿಗುರಲೂ ಇಲ್ಲ, ಸುಮ್ನೆ ಮಣ್ಣಿನಲ್ಲಿ ಕೂತಿದ್ದವು. ಕಾರಣ ಆಮೇಲೆ ಗೊತ್ತಾಯಿತು. ಈ ಗೆಡ್ಡೆ ನೇಗಿಲಿನ ಹಾಗೆ ಎರಡು ಕವಲಾಗಿರುತ್ತದೆ. ಆಯುರ್ವೇದದಲ್ಲಿ ಇದನ್ನು ಲಾಂಗಲಿ ಅನ್ನುವುದು ಅದಕ್ಕೇ, ಲಾಂಗಲ ಅಂದರೆ ನೇಗಿಲು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು ಇರುತ್ತದೆ ಅಲ್ವಾ, ಇದಕ್ಕೆ ಹಾಗಿಲ್ಲ. ಒಂದೊಂದು ಕವಲಿನ ತುದಿಯಲ್ಲಿ ಒಂದೇ ಒಂದು ಮೊಗ್ಗು. ಆ ತುದಿ ಮುರಿದರೆ ಆ ಕವಲು ಮುಗಿದಂತೆ. ನನಗೆ ಬಂದ ಗೆಡ್ಡೆಗಳು ಪೊಟ್ಟಣದಲ್ಲಿ ಒಂದಕ್ಕೊಂದು ಉಜ್ಜಿ ತುದಿ ಮುರಿದುಕೊಂಡಿದ್ದವು. ಈಗ ಯಾರಿಗಾದರೂ ಗೆಡ್ಡೆ ಕೊಡುವಾಗ ಒಂದೊಂದನ್ನೂ ಒಣ ಬಾಳೆ ಎಲೆಯಲ್ಲಿ ಬೇರೆ ಬೇರೆ ಸುತ್ತಿ ಕೊಡುತ್ತೇನೆ.

ಮೂರನೇ ವರ್ಷದಿಂದ ಮಾಡಿದ ಕ್ರಮ ಈಗಲೂ ನಡೆಯುತ್ತಿದೆ. ಜಾಗ ಇಳಿಜಾರಿನಲ್ಲಿರಬೇಕು. ಕಾಫಿಯ ದಟ್ಟ ನೆರಳು ಆಗುವುದಿಲ್ಲ, ತೋಟದ ಅಂಚಿನಲ್ಲಿ ಅರ್ಧ ದಿನ ಬಿಸಿಲು ಬೀಳುವ ಕಡೆ ಬೇಕು. ನೆಲದಿಂದ ಒಂದು ಅಡಿ ಎತ್ತರಕ್ಕೆ ಏರಿ ಕಟ್ಟುತ್ತೇನೆ. ಕೆಂಪು ಮಣ್ಣಿಗೆ ಹೊಳೆ ಮರಳು, ಪೂರ್ತಿ ಕಳಿತ ಹಟ್ಟಿ ಗೊಬ್ಬರ ಸೇರಿಸುತ್ತೇನೆ. ಹಸಿ ಗೊಬ್ಬರ ಬೇಡವೇ ಬೇಡ, ಕೊಳೆ ರೋಗ ಅದರಿಂದಲೂ ಬರುತ್ತದೆ. ಮೇ ತಿಂಗಳ ನಡುವೆ ಗೆಡ್ಡೆಯನ್ನು ಮಲಗಿಸಿ, ಮೇಲೆ ಎರಡು ಮೂರು ಇಂಚು ಮಣ್ಣು ಮುಚ್ಚುತ್ತೇನೆ. ಸುಮಾರು ಮೂರು ವಾರಕ್ಕೆ ಮೊಳಕೆ ಕಾಣುತ್ತದೆ. ಅದು ತುಂಬ ಎಳಸು. ಆಗ ಕಳೆ ಕೀಳುವವರು ಹತ್ತಿರ ಹೋಗದ ಹಾಗೆ ಕಡ್ಡಿ ನೆಟ್ಟು ಗುರುತು ಮಾಡಬೇಕು.

ಹಬ್ಬಲು ಏನು ಕೊಡಬೇಕು ಅನ್ನುವುದರಲ್ಲೂ ನಾನು ಒಂದು ವರ್ಷ ಕಳೆದುಕೊಂಡೆ. ಸಿಲ್ವರ್ ಓಕ್ ಗೂಟ ನೆಟ್ಟಿದ್ದೆ. ಬಳ್ಳಿ ಅದರ ಪಕ್ಕದಲ್ಲೇ ನೆಲಕ್ಕೆ ಬಿದ್ದಿತ್ತು. ಈ ಬಳ್ಳಿ ಮೆಣಸಿನ ಹಾಗೆ ಬೇರು ಬಿಟ್ಟು ಅಂಟುವುದಿಲ್ಲ, ಅವರೆಯ ಹಾಗೆ ಕಾಂಡ ಸುತ್ತುವುದೂ ಇಲ್ಲ. ಎಲೆಯ ತುದಿಯೇ ಕೊಕ್ಕೆಯಾಗಿ ಸುರುಳಿ ಸುತ್ತಿ ಹಿಡಿಯುತ್ತದೆ. ಆ ಪುಟ್ಟ ಕೊಕ್ಕೆಗೆ ದಪ್ಪ ಗೂಟ ಸಿಗುವುದಿಲ್ಲ, ಸಪೂರ ಕಡ್ಡಿ ಬೇಕು. ಕೊನೆಗೆ ಉತ್ತರ ತೋಟದಲ್ಲೇ ಬಿದ್ದಿತ್ತು. ರೊಬಸ್ಟಾ ಕಾಫಿ ಗಿಡ ಸವರಿದಾಗ ರಾಶಿ ಬೀಳುವ ಒಣ ರೆಂಬೆ ಇದೆಯಲ್ಲ, ಅದನ್ನು ಕವಲು ಸಮೇತ ಏರಿಯ ಉದ್ದಕ್ಕೂ ಚುಚ್ಚಿದೆ. ಬಳ್ಳಿ ಒಂದೊಂದೇ ಕವಲು ಹಿಡಿದು ಆಳೆತ್ತರಕ್ಕೆ ಹೋಯಿತು. ಇಷ್ಟು ಚೆನ್ನಾಗಿ ಹೊಂದುವ ಆಸರೆ ನಾನು ಬೇರೆ ನೋಡಿಲ್ಲ.

ಜುಲೈನಲ್ಲಿ ಹುಳ ಬರುತ್ತದೆ. ಕಪ್ಪು ಮೈ, ಮೇಲೆ ಬಿಳಿ, ಕಿತ್ತಳೆ ಚುಕ್ಕಿ. ಲಿಲ್ಲಿ ಜಾತಿಯ ಗಿಡಗಳಿಗೂ ಬೀಳುವ ಹುಳ ಇದು. ಇಷ್ಟು ವಿಷದ ಗಿಡವನ್ನು ಅದು ಆರಾಮಾಗಿ ತಿನ್ನುತ್ತದೆ. ಎರಡು ರಾತ್ರಿ ನೋಡದೆ ಬಿಟ್ಟರೆ ಬರೀ ಕಾಂಡ ಉಳಿಯುತ್ತದೆ. ನಾನು ಮದ್ದು ಹೊಡೆಯುವುದಿಲ್ಲ. ಕೈಗವಸು ಹಾಕಿ ದಿನಾ ಬೆಳಿಗ್ಗೆ ಹೆಕ್ಕಿ ಸೋಪಿನ ನೀರಿಗೆ ಹಾಕುತ್ತೇನೆ. ಇಪ್ಪತ್ತು ಗಿಡಕ್ಕೆ ಹತ್ತು ನಿಮಿಷದ ಕೆಲಸ.

2021ರ ಆಗಸ್ಟ್ ಕೊನೆಯಲ್ಲಿ ಮೊದಲ ಹೂ ಬಂತು. ಮೊಗ್ಗು ಹಸಿರಾಗಿ ತಲೆ ಬಗ್ಗಿಸಿಕೊಂಡಿರುತ್ತದೆ. ಬಿಚ್ಚುವಾಗ ಆರು ಎಸಳೂ ಹಿಂದಕ್ಕೆ ಮಡಚಿ ಮೇಲೆ ನಿಲ್ಲುತ್ತವೆ, ಅಂಚೆಲ್ಲ ಅಲೆ ಅಲೆ. ಮೊದಲು ಹಸಿರು ಹಳದಿ, ಆಮೇಲೆ ತುದಿಗೆ ಕೆಂಪು, ದಿನ ಕಳೆದ ಹಾಗೆ ಆ ಕೆಂಪು ಬುಡದವರೆಗೂ ಇಳಿಯುತ್ತದೆ. ಒಂದೇ ಬಳ್ಳಿಯಲ್ಲಿ ಕೆಳಗೆ ಕೆಂಡ, ಮೇಲೆ ಎಳೆ ಹಳದಿ. ಮಳೆ ನಿಂತ ಸಂಜೆ ಅಂಗಳದಲ್ಲಿ ಕೂತು ಅದನ್ನೇ ನೋಡುತ್ತಿದ್ದೆ.

ಇನ್ನು ವಿಷದ ಮಾತು. ಇದನ್ನು ಬೆಳೆಸುವ ಎಲ್ಲರೂ ಈ ಭಾಗವನ್ನು ಎರಡು ಸಲ ಓದಬೇಕು ಅಂತ ನನ್ನ ಬೇಡಿಕೆ.

ಗಿಡದ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷ ಇದೆ. ಗೆಡ್ಡೆಯಲ್ಲಿ, ಬೀಜದಲ್ಲಿ ಜಾಸ್ತಿ. ಬೇಯಿಸಿದರೂ ಹೋಗುವುದಿಲ್ಲ. ತಿಂದ ಕೂಡಲೇ ಏನೂ ಆಗದೆ ಇರಬಹುದು. ಕೆಲವು ಗಂಟೆ ಕಳೆದ ಮೇಲೆ ವಾಂತಿ, ಭೇದಿ. ಆಮೇಲೆ ಕಿಡ್ನಿ, ಮೂಳೆಯ ಮಜ್ಜೆ ಎಲ್ಲ ಸೋಲುತ್ತವೆ. ಬದುಕಿ ಉಳಿದವರಿಗೆ ಒಂದೆರಡು ವಾರದಲ್ಲಿ ತಲೆಕೂದಲು ಉದುರುತ್ತದೆ. ಹಾವಿನ ವಿಷಕ್ಕೆ ಇರುವಂತೆ ಇದಕ್ಕೆ ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ಇಲ್ಲ.

2021ರ ನವೆಂಬರ್‌ನಲ್ಲಿ ಬಳ್ಳಿ ಒಣಗಿತು. ಹಳೆ ಗೆಡ್ಡೆ ಕರಗಿ ಹೊಸದು ಕೂತಿರುತ್ತದೆ. ಅಗೆದು, ಬಿದಿರು ಬುಟ್ಟಿಯಲ್ಲಿ ಹಾಕಿ, ಹಿಂದಿನ ಜಗಲಿಯಲ್ಲಿ ನೆರಳಿಗೆ ಇಟ್ಟೆ. ನಾನು ಯೋಚಿಸದೆ ಇದ್ದದ್ದು ಅದು ಯಾವ ಸಮಯ ಅನ್ನುವುದನ್ನು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂದಿತ್ತು. ಪುತ್ತರಿಗೆ ಗೆಣಸು ಅಗೆದು ಬೇಯಿಸದ ಮನೆ ನಮ್ಮಲ್ಲಿ ಇಲ್ಲ. ಕೆಲಸದವರು ಅಗೆದು ತಂದ ಗೆಣಸಿನ ಬುಟ್ಟಿಯನ್ನು ನನ್ನ ಬುಟ್ಟಿಯ ಪಕ್ಕದಲ್ಲೇ ಇಟ್ಟು ಹೋಗಿದ್ದಾರೆ. ಸಂಜೆ ಕರೆಂಟ್ ಇರಲಿಲ್ಲ. ಅತ್ತೆ ಎರಡೂ ಬುಟ್ಟಿಯನ್ನು ಒಟ್ಟಿಗೆ ಸುರಿದು ತೊಳೆಯಲು ಕೂತಿದ್ದರು. ನಾನು ಟಾರ್ಚ್ ಹಿಡಿದು ಬಂದಾಗ ಅವರ ಕೈಯಲ್ಲಿ ನೇಗಿಲಿನ ಆಕಾರದ ಒಂದು ಗೆಡ್ಡೆ ಇತ್ತು. ಆ ಆಕಾರ ಕಂಡಿದ್ದಕ್ಕೆ ಉಳಿದೆವು. ಎರಡೂ ಬುಟ್ಟಿಯದ್ದನ್ನು, ಗೆಣಸು ಸಮೇತ, ಗುಂಡಿ ತೆಗೆದು ಆಳದಲ್ಲಿ ಹೂತೆ. ನೆಲದಲ್ಲಿ ಅಗೆಯದೆ ಬಿಟ್ಟಿದ್ದ ಸ್ವಲ್ಪ ಗೆಡ್ಡೆಯಿಂದಲೇ ಮುಂದಿನ ವರ್ಷ ಮತ್ತೆ ಶುರು ಮಾಡಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಪುತ್ತರಿ ಮುಗಿಯುವವರೆಗೆ ಒಂದು ಗೆಡ್ಡೆಯನ್ನೂ ಅಗೆಯುವುದಿಲ್ಲ. ಜನವರಿಯಲ್ಲಿ ಅಗೆದು, ಒಣ ಮರಳಿನಲ್ಲಿ ಹೂತು, ಬೀಗ ಇರುವ ಪೆಟ್ಟಿಗೆಯಲ್ಲಿ ಸ್ಟೋರಿನಲ್ಲಿ ಇಡುತ್ತೇನೆ. ಮೇಲೆ ಕೆಂಪು ಪೇಂಟಿನಲ್ಲಿ ವಿಷ ಅಂತ ಬರೆದಿದೆ. ಅಗೆಯಲು ಬೇರೆಯೇ ಗುದ್ದಲಿ, ಬೇರೆಯೇ ಕೈಗವಸು.

ಮಗಳಿಗೆ ಇದನ್ನು ಹೇಳಿಕೊಡುವಾಗ ಕಕ್ಕಡ ತಿಂಗಳ ಹದಿನೆಂಟರ ಮದ್ದು ಸೊಪ್ಪನ್ನು ಜೊತೆಗೆ ತೋರಿಸುತ್ತೇನೆ. ಆಗಸ್ಟ್ 3ಕ್ಕೆ ಆ ಸೊಪ್ಪಿನ ರಸದಲ್ಲಿ ಪಾಯಸ ಮಾಡಿ ಎಲ್ಲರೂ ತಿನ್ನುತ್ತೇವೆ. ಸರಿಯಾಗಿ ಒಂದು ತಿಂಗಳಿಗೆ ತೋಕ್ ಪೂ ಬರುತ್ತದೆ. ಅದನ್ನು ಮುಟ್ಟಿದರೆ ಕೈ ತೊಳೆಯಬೇಕು. ಮದ್ದಿನ ಗಿಡ ಅಂದ ಮಾತ್ರಕ್ಕೆ ಬಾಯಿಗೆ ಹಾಕುವುದಲ್ಲ ಅಂತ ಅವಳಿಗೆ ಹಾಗೆ ಅರ್ಥವಾಯಿತು.

ಮದ್ದಿನ ಗಿಡ ಅನ್ನುವುದು ಸುಳ್ಳಲ್ಲ. 2022ರಲ್ಲಿ ಅಪ್ಪನಿಗೆ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ನೋವು. ಡಾಕ್ಟರ್ ಗೌಟ್ ಅಂದರು. ಹಂದಿ ಮಾಂಸ ಕಡಿಮೆ ಮಾಡಿ ಅಂತ ಹೇಳಿ, ಬರೆದುಕೊಟ್ಟ ಮಾತ್ರೆಗಳಲ್ಲಿ ಒಂದು ಕಾಲ್ಚಿಸಿನ್, 0.5 ಮಿಲಿಗ್ರಾಂ. ಹೆಸರು ಓದಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅಂಗಳದಲ್ಲಿರುವ ವಿಷವೇ ಅಪ್ಪನ ಮದ್ದು. ಮನೆಗೆ ಬಂದ ನೆಂಟರೊಬ್ಬರು, ಗಿಡ ನಿಮ್ಮಲ್ಲೇ ಇದೆ, ಗೆಡ್ಡೆ ಕಷಾಯ ಮಾಡಿ ಕೊಡಿ, ಮಾತ್ರೆ ಯಾಕೆ ಅಂದರು. ನಾನು ಖಡಾಖಂಡಿತವಾಗಿ ಬೇಡ ಅಂದೆ. ಅರ್ಧ ಮಿಲಿಗ್ರಾಂ ಅಂದರೆ ಒಂದು ಗ್ರಾಮಿನ ಎರಡು ಸಾವಿರದಲ್ಲಿ ಒಂದು ಪಾಲು. ಒಂದು ಗೆಡ್ಡೆಯಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ, ಅಡುಗೆಮನೆಯಲ್ಲಿ ಯಾರು ಅಳೆಯುತ್ತಾರೆ? ಆಯುರ್ವೇದದಲ್ಲೂ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿದ್ದಾರೆ, ಗೋಮೂತ್ರದಲ್ಲಿ ನೆನೆಸಿ ಶುದ್ಧಿ ಮಾಡದೆ ಬಳಸುವುದಿಲ್ಲ. ಹೆರಿಗೆ ತಡವಾದರೆ ಗೆಡ್ಡೆ ಅರೆದು ಅಂಗಾಲಿಗೆ ಹಚ್ಚುತ್ತಿದ್ದರು ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಆಸ್ಪತ್ರೆ ದೂರವಿದ್ದ ಕಾಲದ ಮಾತು ಅದು. ಈಗ ಯಾರೂ ಹಾಗೆ ಮಾಡಬಾರದು.

ಅದೇ ವರ್ಷದ ಕೊನೆಯಲ್ಲಿ ಪಳನಿಗೆ ಹೋಗಿದ್ದೆವು. ಧಾರಾಪುರಂ ಕಡೆ ಹೊಲ ಹೊಲವೇ ಈ ಬಳ್ಳಿ, ತಂತಿ ಮೇಲೆ ಹಬ್ಬಿಸಿದ್ದರು. ಕಾರು ನಿಲ್ಲಿಸಿ ಇಳಿದೆ. ಅವರು ಬೆಳೆಯುವುದು ಹೂವಿಗಲ್ಲ, ಬೀಜಕ್ಕೆ. ಬೀಜ ಔಷಧ ತಯಾರಿಸುವವರಿಗೆ ಹೋಗುತ್ತದೆ. ಬೆಳಿಗ್ಗೆ ಹೆಂಗಸರು ಒಂದೊಂದು ಹೂವಿಗೂ ಕೈಯಿಂದ ಪರಾಗ ತಾಗಿಸುತ್ತಿದ್ದರು. ಹೂವಿನ ನಡುವಿನ ಶಲಾಕೆ (ಪರಾಗ ಹಿಡಿಯುವ ದಂಟು) ಮುರಿದ ಹಾಗೆ ಪಕ್ಕಕ್ಕೆ ಬಾಗಿರುತ್ತದೆ, ಹಾಗಾಗಿ ತನ್ನ ಪರಾಗ ತನಗೇ ಸುಲಭಕ್ಕೆ ಬೀಳುವುದಿಲ್ಲ. ನಮ್ಮಲ್ಲಿ ಹೂ ಅಷ್ಟು ಬಂದರೂ ಕಾಯಿ ಯಾಕೆ ಇಲ್ಲ ಅಂತ ಆಗ ತಿಳಿಯಿತು. ಅವರದ್ದು ಒಣ ಸೀಮೆ. ನಮ್ಮಲ್ಲಿ ಹೂ ಬಿಡುವ ಹೊತ್ತಿಗೆ ಮಳೆ ಪರಾಗವನ್ನೆಲ್ಲ ತೊಳೆದು ಹಾಕುತ್ತದೆ, ಚಿಟ್ಟೆಗಳೂ ಹಾರುವುದಿಲ್ಲ.

2023ರಲ್ಲಿ ಮಳೆ ಬಿಟ್ಟ ಬೆಳಗುಗಳನ್ನು ನೋಡಿ ನಾನೂ ಹಾಗೇ ಮಾಡಿದೆ. ಒಂದು ಹೂವಿನ ಪರಾಗ ಇನ್ನೊಂದಕ್ಕೆ, ಸಣ್ಣ ಬ್ರಷ್‌ನಿಂದ. ಹದಿನೈದು ಹೂವಿನಲ್ಲಿ ಆರು ಕಾಯಿ ಕಟ್ಟಿತು. ನವೆಂಬರ್‌ನಲ್ಲಿ ಕಾಯಿ ಒಡೆದು ಕೆಂಪು ಬೀಜ ಕಂಡಿತು. ಬೀಜ ಕೂಡಲೇ ಮೊಳೆಯುವುದಿಲ್ಲ, ತಿಂಗಳುಗಟ್ಟಲೆ ಮಲಗಿರುತ್ತದೆ. ಮುಂದಿನ ಮಳೆಗೆ ಬಿತ್ತಿದೆ.

ಹಬ್ಬದ ದಿನ ಮಾತ್ರ ಎಲ್ಲ ಕಣ್ಣ ಮುಂದೆ ಇತ್ತು. 2023ರ ಸೆಪ್ಟೆಂಬರ್ 3ರಂದು ನಮ್ಮ ಬೇಲಿಯಿಂದಲೇ ಹನ್ನೊಂದು ಹೂ ಕೊಯ್ದೆ. ಬಳ್ಳಿ ಎಳೆಯಲಿಲ್ಲ, ಕತ್ತರಿಯಿಂದ ತೊಟ್ಟು ಮಾತ್ರ ಕತ್ತರಿಸಿದೆ. ಎಲೆ ಉಳಿದರೆ ತಾನೇ ಕೆಳಗೆ ಗೆಡ್ಡೆ ಕಟ್ಟುವುದು. ನಮ್ಮ ಕೋವಿಗೆ ಎರಡು, ಕುಟುಂಬದ ಮೂಲ ಮನೆಯಾದ ಐನ್‌ಮನೆಗೆ ಐದು, ಉಳಿದದ್ದು ಪಕ್ಕದ ಎರಡು ಮನೆಗೆ. ಅಪ್ಪ ನಳಿಗೆಗೆ ಹೂ ಸಿಕ್ಕಿಸಿ, ಇದು ನಮ್ಮದೇನಾ ಅಂತ ಎರಡು ಸಲ ಕೇಳಿದರು.

ಬೀಜದ ಸಸಿಗಳು ಈಗ ಹುಲ್ಲಿನ ಗರಿಯಷ್ಟು ಸಪೂರ ಇವೆ, ಕೆಳಗೆ ಬಟಾಣಿಯಷ್ಟು ಗೆಡ್ಡೆ. ಬೀಜದಿಂದ ಹೂ ಬರಲು ಮೂರು ನಾಲ್ಕು ವರ್ಷ ಬೇಕು. ಅವನ್ನು ಗದ್ದೆಗೆ ಇಳಿಯುವ ಆ ಹಳೆ ದಾರಿಯ ಬರೆಗೇ ನೆಡುತ್ತೇನೆ. ದನ ಹೋಗದ ಕಡೆ ನೋಡಿ ಜಾಗ ಗುರುತು ಮಾಡಿದ್ದೇನೆ. ಅಲ್ಲಿ ಕಳೆನಾಶಕ ಹೊಡೆಯಬೇಡಿ ಅಂತ ಕೆಲಸದವರಿಗೆ ಹೇಳಿ, ಕಾಫಿ ರೆಂಬೆಗಳನ್ನು ಈಗಲೇ ಚುಚ್ಚಿ ಇಟ್ಟಿದ್ದೇನೆ.