ಒಂದು ತಾರಸಿ, ಇಪ್ಪತ್ತನಾಲ್ಕು ಮನೆ: ಸೌರ ವಿದ್ಯುತ್ತನ್ನು ಹಂಚಿಕೊಳ್ಳುವುದು ಹೇಗೆ?

ಸ್ವಂತ ಮನೆ, ಸ್ವಂತ ತಾರಸಿ, ತನ್ನದೇ ಹೆಸರಿನ ಮೀಟರ್ ಇರುವವರಿಗೆ ಸೌರ ಫಲಕ ಹಾಕಿಸುವುದು ಈಗ ದೊಡ್ಡ ಕೆಲಸವಲ್ಲ. ಕಷ್ಟವಿರುವುದು ಮೈಸೂರಿನ ಕುವೆಂಪುನಗರದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿರುವವರಿಗೆ, ವಿಜಯನಗರದ ಬಾಡಿಗೆ ಮನೆಯವರಿಗೆ, ಹೆಂಚಿನ ಸೂರಿನ ಮೇಲೆ ದಿನವಿಡೀ ತೆಂಗಿನ ಗರಿಯ ನೆರಳಾಡುವ ಮಂಡ್ಯದ ಹಳ್ಳಿಯವರಿಗೆ. ಇವರೆಲ್ಲರೂ ಸೇರಿ ಒಂದೇ ಕಡೆ ಫಲಕ ಹಾಕಿಸಿ ಅದರ ಫಲವನ್ನು ಹಂಚಿಕೊಳ್ಳಬಹುದು. ಸಮುದಾಯ ಸೌರ ವಿದ್ಯುತ್ ಎಂದರೆ ಇದೇ.

ನಮ್ಮ ಕಟ್ಟಡದಲ್ಲಿ ಈ ಕೆಲಸಕ್ಕೆ ಓಡಾಡಿದವರಲ್ಲಿ ನಾನೂ ಒಬ್ಬ. ಫಲಕಗಳನ್ನು ಕೂರಿಸಲು ಹಿಡಿದದ್ದು ಕೆಲವೇ ದಿನ. ನೆರೆಹೊರೆಯವರನ್ನು ಒಪ್ಪಿಸಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆದ್ದರಿಂದ ಇಲ್ಲಿ ಫಲಕದ ವಿಷಯಕ್ಕಿಂತ ಮನುಷ್ಯರ ಮತ್ತು ಕಾಗದಪತ್ರಗಳ ವಿಷಯವನ್ನೇ ಹೆಚ್ಚು ಬರೆಯುತ್ತಿದ್ದೇನೆ.

ಮೊದಲು ಯಾವ ಮೀಟರ್ ಎಂದು ತೀರ್ಮಾನಿಸಿ

ಸಭೆ ಕರೆದು "ಎಲ್ಲರ ಮನೆಗೂ ಸೌರ ವಿದ್ಯುತ್ ಕೊಡೋಣ" ಎಂದು ಶುರು ಮಾಡಿದರೆ ಅಲ್ಲಿಯೇ ಮುಗ್ಗರಿಸುತ್ತೀರಿ. 2023ರಿಂದ ಗೃಹಜ್ಯೋತಿ ಜಾರಿಯಲ್ಲಿದೆ. ತಿಂಗಳಿಗೆ 200 ಯೂನಿಟ್‌ವರೆಗಿನ ಅರ್ಹ ಬಳಕೆಗೆ ಶೂನ್ಯ ಬಿಲ್ ಬರುವ ಮನೆಯವರು ಇಪ್ಪತ್ತು ಸಾವಿರ ರೂಪಾಯಿ ಏಕೆ ಹಾಕಬೇಕು? ಪ್ರಶ್ನೆ ನ್ಯಾಯವಾದದ್ದೇ. ಗೃಹಜ್ಯೋತಿಯನ್ನು ನಾನು ದೂರುತ್ತಿಲ್ಲ. ಅದರಿಂದ ಉಸಿರಾಡುವಂತಾದ ಮನೆಗಳು ನಮ್ಮ ಕಟ್ಟಡದಲ್ಲೇ ಇವೆ. ಆದರೆ ನಮ್ಮ ರಾಜ್ಯದಲ್ಲಿ ಹಂಚಿಕೆಯ ಸೌರ ವಿದ್ಯುತ್ತಿಗೆ ಇದು ದೊಡ್ಡ ತೊಡಕು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ದಾರಿ ಇರುವುದು ಇನ್ನೊಂದು ಕಡೆ. ಲಿಫ್ಟ್, ಸಂಪಿನಿಂದ ನೀರೆತ್ತುವ ಮೋಟಾರ್, ಮೆಟ್ಟಿಲು ಮತ್ತು ವಾಹನ ನಿಲುಗಡೆಯ ದೀಪಗಳೆಲ್ಲ ಸಂಘದ ಹೆಸರಿನ ಸಾಮಾನ್ಯ ಮೀಟರಿನಲ್ಲಿ ಓಡುತ್ತವೆ. ಅದಕ್ಕೆ ಗೃಹಜ್ಯೋತಿ ಇಲ್ಲ. ಆ ಬಿಲ್ಲು ಪ್ರತಿ ತಿಂಗಳ ನಿರ್ವಹಣಾ ಶುಲ್ಕದ ಮೂಲಕ ಎಲ್ಲರ ಜೇಬಿಗೂ ತಟ್ಟುತ್ತದೆ. ಹಾಗಾಗಿ ಮೊದಲು ಈ ಮೀಟರಿನಿಂದಲೇ ಆರಂಭಿಸಿ. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ತೆಗೆದು ಆರ್‌.ಆರ್‌. ಸಂಖ್ಯೆ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ), ಮಂಜೂರಾದ ಲೋಡ್ ಮತ್ತು ಪ್ರತಿ ತಿಂಗಳ ಯೂನಿಟ್‌ಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಒಂದೆರಡು ತಿಂಗಳ ಬಿಲ್ಲು ನೋಡಿ ಲೆಕ್ಕ ಹಾಕಬೇಡಿ. ಬೇಸಿಗೆಯಲ್ಲಿ ನೀರಿನ ಮೋಟಾರ್ ಓಡುವುದಕ್ಕೂ ಮಳೆಗಾಲದಲ್ಲಿ ಓಡುವುದಕ್ಕೂ ಬಹಳ ವ್ಯತ್ಯಾಸವಿದೆ.

ತಾರಸಿ ಯಾರದು?

ಜಗಳ ಹುಟ್ಟುವ ಜಾಗ ಇದು. ಎಲ್ಲರ ಕ್ರಯಪತ್ರಗಳನ್ನೂ ತೆರೆದು ಓದಿ. ತಾರಸಿ ಎಲ್ಲರ ಅವಿಭಜಿತ ಪಾಲಿನಲ್ಲಿದೆಯೇ, ಅಥವಾ ಅದರ ಒಂದು ಭಾಗವನ್ನು ಬಿಲ್ಡರ್ ಮೇಲಿನ ಮನೆಯವರಿಗೆ ಬರೆದುಕೊಟ್ಟಿದ್ದಾರೆಯೇ ಎಂದು ನೋಡಿ. ಸಂಘ ನೋಂದಣಿಯಾಗಿರಬೇಕು, ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿರಬೇಕು, ಸಾಮಾನ್ಯ ಮೀಟರ್ ಕೂಡ ಸಂಘದ ಹೆಸರಿಗೆ ಬದಲಾಗಿರಬೇಕು. ಎಷ್ಟೋ ಕಟ್ಟಡಗಳಲ್ಲಿ ಮೀಟರ್ ಇನ್ನೂ ಬಿಲ್ಡರ್ ಹೆಸರಿನಲ್ಲಿಯೇ ಇರುತ್ತದೆ. ಹೆಸರು ಬದಲಾವಣೆಯ ಅರ್ಜಿ ಕೊಟ್ಟು ಆ ಕೆಲಸ ಮುಗಿಯುವವರೆಗೆ ಮುಂದಿನ ಹೆಜ್ಜೆ ಇಡಬೇಡಿ.

ಆಮೇಲೆ ನಿಜವಾದ ಆಕ್ಷೇಪಗಳು ಬರುತ್ತವೆ. ನಮ್ಮಲ್ಲಿ ಹಣದ ಮಾತಿಗಿಂತ ಮೊದಲು ಎದ್ದದ್ದು ಹಪ್ಪಳ-ಸಂಡಿಗೆಯ ಮಾತು. "ಬೇಸಿಗೆಯಲ್ಲಿ ಎಲ್ಲಿ ಒಣಗಿಸುವುದು?" ಎಂದು ಹಿರಿಯರೊಬ್ಬರು ಕೇಳಿದರು. ಇದನ್ನು ಸಣ್ಣ ಮಾತೆಂದು ತಳ್ಳಿಹಾಕಿದ್ದರೆ ನಮ್ಮ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು. ಕಬ್ಬಿಣದ ಚೌಕಟ್ಟನ್ನು ಎಂಟು ಅಡಿ ಎತ್ತರಿಸಿ ದಕ್ಷಿಣದ ಅಂಚನ್ನು ಖಾಲಿ ಬಿಟ್ಟೆವು. ಖರ್ಚು ಸ್ವಲ್ಪ ಹೆಚ್ಚಾಯಿತು, ಒಪ್ಪಿಗೆ ಸಿಕ್ಕಿತು.

ಒಪ್ಪಂದದಲ್ಲಿ ಮೂರು ಮಾತುಗಳು ಇರಲೇಬೇಕು: ಯಾರು ಎಷ್ಟು ಹಣ ಹಾಕಿದರು, ಮನೆ ಮಾರಿದರೆ ಆ ಪಾಲು ಮನೆಯ ಜೊತೆಗೆ ಹೊಸಬರಿಗೆ ಹೋಗುತ್ತದೆ, ಹಣ ಹಾಕದವರಿಗೆ ಉಳಿತಾಯದ ಲೆಕ್ಕ ಹೇಗೆ. ಬಾಯಿಮಾತಿನಲ್ಲಿ ಬಿಟ್ಟರೆ ಮೂರನೇ ವರ್ಷಕ್ಕೆ ಯಾರಿಗೂ ನೆನಪಿರುವುದಿಲ್ಲ.

ನೆರಳನ್ನು ಎರಡು ಋತುವಿನಲ್ಲಿ ನೋಡಿ

ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 12 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಮೈಸೂರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಮ್ಮ ಊರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಡಿಸೆಂಬರ್‌ನಲ್ಲಿ ಉತ್ತರಕ್ಕೆ ಬೀಳುವ ನೀರಿನ ಟ್ಯಾಂಕಿನ ನೆರಳು ಜೂನ್‌ನಲ್ಲಿ ದಕ್ಷಿಣಕ್ಕೆ ಬೀಳುತ್ತದೆ. ಆದ್ದರಿಂದ ಒಂದೇ ದಿನ ಬಂದು ಫೋಟೋ ತೆಗೆದುಕೊಂಡು ಹೋಗುವವರ ನಕ್ಷೆಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ವರ್ಷದ ನೆರಳಿನ ಲೆಕ್ಕ ಕೇಳಿ. ಒಂದು ಸಾಲಿನ ಒಂದೇ ಫಲಕಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು.

ತಾರಸಿ ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಮೇಲೆ ಚೌಕಟ್ಟು ಕೂತ ನಂತರ ಸೋರಿಕೆ ಹುಡುಕುವ ಕಷ್ಟ ಯಾರಿಗೂ ಬೇಡ. ಆಷಾಢದ ಗಾಳಿಗೆ ಚೌಕಟ್ಟು ತಡೆಯುತ್ತದೆಯೇ ಎಂಬುದಕ್ಕೆ ಕಟ್ಟಡದ ಇಂಜಿನಿಯರ್ ಒಬ್ಬರಿಂದ ಬರಹದಲ್ಲಿ ಪಡೆಯಿರಿ.

ಲೆಕ್ಕ ಹಾಕುವ ಬಗೆ

1 ಕಿಲೋವಾಟ್ ಫಲಕ ನಮ್ಮ ಭಾಗದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ಅದಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು.

24 ಮನೆಗಳ ಕಟ್ಟಡವೊಂದರ ಸಾಮಾನ್ಯ ಮೀಟರ್ ತಿಂಗಳಿಗೆ 1,500 ಯೂನಿಟ್ ಓಡುತ್ತದೆ ಎಂದುಕೊಳ್ಳೋಣ. 12 ಕಿಲೋವಾಟ್ ಹಾಕಿದರೆ 1,440 ಯೂನಿಟ್ ಸಿಗುತ್ತದೆ. ಕಿಲೋವಾಟ್‌ಗೆ 55,000 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 6.60 ಲಕ್ಷ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಗರಿಷ್ಠ ಮಿತಿ 500 ಕಿಲೋವಾಟ್. ಒಂಟಿ ಮನೆಗೆ ಸಿಗುವ 78,000 ರೂಪಾಯಿಯ ಲೆಕ್ಕವೇ ಬೇರೆ, ಎರಡನ್ನೂ ಬೆರೆಸಿ ಹೇಳುವ ಮಾರಾಟಗಾರರನ್ನು ನಂಬಬೇಡಿ. ಇಲ್ಲಿ ಸಹಾಯಧನ 2.16 ಲಕ್ಷವಾಗುತ್ತದೆ. ಉಳಿದ 4.44 ಲಕ್ಷವನ್ನು 24 ಮನೆಗಳಿಗೆ ಹಂಚಿದರೆ ತಲಾ 18,500 ರೂಪಾಯಿ. ಯೂನಿಟ್‌ಗೆ 6 ರೂಪಾಯಿಯಂತೆ ವರ್ಷಕ್ಕೆ ಒಂದು ಲಕ್ಷದಷ್ಟು ಉಳಿದರೆ ನಾಲ್ಕೂವರೆ ವರ್ಷದೊಳಗೆ ಹಾಕಿದ ಹಣ ಹಿಂದಕ್ಕೆ ಬರುತ್ತದೆ. ಸಹಾಯಧನ ಕೆಲಸ ಮುಗಿದ ಮೇಲೆ ಬರುವುದರಿಂದ ಅಲ್ಲಿಯವರೆಗಿನ ಪೂರ್ತಿ ಹಣವನ್ನು ಸಂಘವೇ ಹೊಂದಿಸಬೇಕು. ಬಿಲ್ಲಿನ ನಿಗದಿತ ಶುಲ್ಕ ಕಡಿಮೆಯಾಗುವುದಿಲ್ಲ ಎಂಬುದನ್ನೂ ಸಭೆಯಲ್ಲಿ ಮೊದಲೇ ಹೇಳಿಬಿಡಿ.

ಇಷ್ಟು ಹಣ ಹೊಂದಿಸಲಾಗದಿದ್ದರೆ ಕಂಪನಿಯೇ ತನ್ನ ಖರ್ಚಿನಲ್ಲಿ ಫಲಕ ಹಾಕಿ, ಯೂನಿಟ್ ಲೆಕ್ಕದಲ್ಲಿ ನಮಗೆ ಮಾರುವ ಏರ್ಪಾಡೂ ಇದೆ. ಇಂಥ ಒಪ್ಪಂದಗಳು ಬಹಳ ವರ್ಷಗಳಿಗೆ ಕಟ್ಟಿಹಾಕುತ್ತವೆ. ವಕೀಲರಿಂದ ಓದಿಸದೆ ಸಹಿ ಮಾಡಬೇಡಿ.

ಅರ್ಜಿ

ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿಸಿ, ಅಲ್ಲಿನ ಪಟ್ಟಿಯಲ್ಲಿರುವ ಗುತ್ತಿಗೆದಾರರಲ್ಲಿ ಕನಿಷ್ಠ ಮೂವರಿಂದ ದರಪಟ್ಟಿ ತೆಗೆದುಕೊಳ್ಳಿ. ಸಹಾಯಧನಕ್ಕೆ ದೇಶದಲ್ಲೇ ತಯಾರಾದ ಕೋಶಗಳ ಫಲಕವೇ ಬೇಕು. ಸೌರ ಉಪಕರಣಗಳ ಮೇಲಿನ ಜಿ.ಎಸ್‌.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ದರಪಟ್ಟಿಯಲ್ಲಿ ಅದು ಕಾಣಬೇಕು.

2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮದಂತೆ 10 ಕಿಲೋವಾಟ್‌ವರೆಗೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಅದಕ್ಕಿಂತ ಹೆಚ್ಚಿದ್ದರೆ 15 ದಿನಗಳಲ್ಲಿ ಪರಿಶೀಲನೆ ಮುಗಿಯಬೇಕು. ನಮ್ಮ ಉದಾಹರಣೆಯ 12 ಕಿಲೋವಾಟ್ ಈ ಎರಡನೇ ಗುಂಪಿಗೆ ಬರುತ್ತದೆ. ಹಾಗಾಗಿ ಮೊದಲೇ ನಮ್ಮ ಭಾಗಕ್ಕೆ ವಿದ್ಯುತ್ ಸರಬರಾಜು ಮಾಡುವ ಸೆಸ್ಕ್‌ನ ಉಪವಿಭಾಗ ಕಚೇರಿಗೆ ಹೋಗಿ ನಿಮ್ಮ ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರಿಗೆ) ಈಗಾಗಲೇ ಎಷ್ಟು ಸೌರ ವಿದ್ಯುತ್ ಸೇರುತ್ತಿದೆ, ಇನ್ನೆಷ್ಟು ತಾಳುತ್ತದೆ, ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇಕೇ ಎಂದು ಕೇಳಿ. ಅರ್ಜಿಯ ಸ್ವೀಕೃತಿ ಪತ್ರದಲ್ಲಿ ದಿನಾಂಕ ಇರಲಿ.

ಕರೆಂಟು ಹೋದರೆ ಲಿಫ್ಟ್ ಓಡುವುದಿಲ್ಲ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಫಲಕದ ವಿದ್ಯುತ್ತನ್ನು ನಮ್ಮ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್, ಬ್ಯಾಟರಿಯಿಲ್ಲದೆ ವಿದ್ಯುತ್ ಜಾಲಕ್ಕೆ (ಗ್ರಿಡ್) ಜೋಡಿಸಿದ್ದರೆ, ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಸುಡುಬಿಸಿಲಿದ್ದರೂ ನಿಲ್ಲುತ್ತದೆ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಹರಿದ ವಿದ್ಯುತ್ ತಗುಲಬಾರದು ಎಂಬುದಕ್ಕಾಗಿ ಈ ಏರ್ಪಾಡು. ಡೀಸೆಲ್ ಜನರೇಟರ್ ಇರುವ ಕಟ್ಟಡದಲ್ಲಿ ಇನ್ನೂ ಎಚ್ಚರ ಬೇಕು. ಜನರೇಟರ್ ಓಡುವಾಗ ಇನ್ವರ್ಟರ್ ಅದನ್ನೇ ಜಾಲವೆಂದು ತಿಳಿದು ಚಾಲೂ ಆದರೆ ಹೆಚ್ಚಾದ ವಿದ್ಯುತ್ ಜನರೇಟರಿಗೆ ಹಿಮ್ಮುಖವಾಗಿ ಹರಿದು ಅದು ಕೆಡುತ್ತದೆ. ಇದನ್ನು ತಡೆಯುವ ನಿಯಂತ್ರಕವನ್ನು ದರಪಟ್ಟಿಯಲ್ಲಿಯೇ ಸೇರಿಸಿ.

ಮನೆಮನೆಯ ಬಿಲ್ಲಿಗೆ ಹಂಚುವುದು

ಸಾಮಾನ್ಯ ಮೀಟರ್ ಒಂದು ವರ್ಷ ಸರಿಯಾಗಿ ನಡೆದ ಮೇಲೆ ಎರಡನೇ ಹಂತದ ಮಾತು. ಒಂದೇ ಸ್ಥಾವರದ ಯೂನಿಟ್‌ಗಳನ್ನು ಹಲವು ಗ್ರಾಹಕರ ಬಿಲ್ಲುಗಳಿಗೆ ಪಾಲಿನಂತೆ ಜಮೆ ಮಾಡುವ ಪದ್ಧತಿಗೆ ವರ್ಚುವಲ್ ನೆಟ್ ಮೀಟರಿಂಗ್ ಎನ್ನುತ್ತಾರೆ. ತಾರಸಿಯಿಂದ ಪ್ರತಿ ಮನೆಗೂ ಬೇರೆ ತಂತಿ ಎಳೆಯುವುದಿಲ್ಲ, ಎಲ್ಲವೂ ಬಿಲ್ಲಿನ ಲೆಕ್ಕದಲ್ಲೇ ನಡೆಯುತ್ತದೆ. ದೆಹಲಿಯಲ್ಲಿ 2019ರಲ್ಲಿಯೇ ಇದಕ್ಕೆ ಮಾರ್ಗಸೂಚಿ ಬಂತು. ಅಮೆರಿಕದ ಮಿನ್ನೆಸೋಟದಲ್ಲಿ 2013ರ ಕಾನೂನಿನ ನಂತರ, ಊರಾಚೆಯ ಸೌರ ತೋಟದಲ್ಲಿ ಪಾಲು ಪಡೆದ ಬಾಡಿಗೆದಾರರೂ ತಮ್ಮ ಬಿಲ್ಲಿನಲ್ಲಿ ಜಮೆ ಕಾಣುವಂತಾಯಿತು. ಎರಡೂ ಕಡೆ ದಾರಿ ತೆರೆದದ್ದು ಹೊಸ ತಂತ್ರಜ್ಞಾನವಲ್ಲ, ಬರಹದಲ್ಲಿ ಬಂದ ನಿಯಮ.

ನಮ್ಮಲ್ಲಿ ಈ ನಿಯಮ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹಣ ಸಂಗ್ರಹಿಸುವ ಮೊದಲು ಆಯೋಗದ ಚಾಲ್ತಿ ಆದೇಶವನ್ನು ಅದರ ಜಾಲತಾಣದಿಂದ ಇಳಿಸಿಕೊಂಡು ಓದಿ. ಪಾಲುದಾರರ ಆರ್‌.ಆರ್‌. ಸಂಖ್ಯೆಗಳ ಪಕ್ಕದಲ್ಲಿ ಶೇಕಡಾವಾರು ಪಾಲು ಬರೆದು ಎಲ್ಲರ ಸಹಿ ಮಾಡಿಸಿಡಿ. ಶೂನ್ಯ ಬಿಲ್ಲಿನ ಮನೆಗಳನ್ನು ಒತ್ತಾಯಿಸಬೇಡಿ. ಹೆಚ್ಚು ಯೂನಿಟ್ ಉರಿಸುವ ಏಳೆಂಟು ಮನೆಗಳೇ ಸಾಕು. ಬಳಸಿ ಮಿಕ್ಕಿದ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ, ಆದ್ದರಿಂದ ಮಾರುವ ಆಸೆಯಿಂದ ದೊಡ್ಡದಾಗಿ ಹಾಕಬೇಡಿ.

ಮಂಡ್ಯದ ಹಳ್ಳಿಗಳಿಗೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಿಲ್ಲೆಗೆ ಕರೆಂಟಿನ ವಿಷಯ ಹೊಸದಲ್ಲ. ಕೂಡಿ ನಡೆಸುವುದೂ ಹೊಸದಲ್ಲ. ಊರೂರಿನಲ್ಲಿ ಹಾಲಿನ ಸಂಘವಿದೆ, ಲೆಕ್ಕ ಬರೆಯುವ ಕಾರ್ಯದರ್ಶಿ ಇದ್ದಾರೆ, ಪ್ರತಿ ಬಟವಾಡೆಯನ್ನೂ ಪ್ರಶ್ನಿಸುವ ಸದಸ್ಯರಿದ್ದಾರೆ. ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಇಲ್ಲದ ಈ ಶಿಸ್ತೇ ಹಳ್ಳಿಯ ಬಲ ಎಂದು ನನಗೆ ಅನ್ನಿಸುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ 2016ರಲ್ಲಿ ಬೆರಳೆಣಿಕೆಯ ರೈತರು ಸೌರ ಪಂಪ್‌ಸೆಟ್ ಸಹಕಾರ ಸಂಘ ಕಟ್ಟಿ, ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಮಾರಿದರು. ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ.

ಆದರೆ ಹಳ್ಳಿಯಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ರೈತ ತನ್ನ ಹಣ ಹಾಕುವುದಿಲ್ಲ. ಅಲ್ಲಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ತರುವ ಲೈನನ್ನೇ, ಅಂದರೆ ಫೀಡರನ್ನೇ, ಸೌರಕ್ಕೆ ತಿರುಗಿಸುವ ಕೇಂದ್ರದ ಕುಸುಮ್ ಯೋಜನೆಯ ಸಿ ಘಟಕ ಹೆಚ್ಚು ಹೊಂದುತ್ತದೆ, ಹಗಲಿನಲ್ಲೇ ತ್ರೀ ಫೇಸ್ ಸಿಗುವುದು ರೈತನಿಗೆ ಅದರ ಲಾಭ. ಊರಿನವರು ತಾವೇ ಮಾಡಬೇಕೆಂದರೆ ಹಗಲು ಓಡುವ ಯಂತ್ರವನ್ನು ಹುಡುಕಿ. ಹಾಲು ಬರುವುದು ಬೆಳಿಗ್ಗೆ ಮತ್ತು ಸಂಜೆ, ಬಿಸಿಲು ಬರುವುದು ನಡುಹಗಲು; ಹಾಲಿನ ಶೀತಲೀಕರಣ ಘಟಕಕ್ಕೆ ನೆಟ್ ಮೀಟರ್ (ಜಾಲಕ್ಕೆ ಕೊಟ್ಟ ಯೂನಿಟ್‌ಗಳನ್ನು ಜಾಲದಿಂದ ಪಡೆದದ್ದರಲ್ಲಿ ಕಳೆಯುವ ಮೀಟರ್) ಇಲ್ಲದೆ ಲೆಕ್ಕ ಕೂಡುವುದಿಲ್ಲ. ಹಿಟ್ಟಿನ ಗಿರಣಿಗೆ, ಹಗಲಿನಲ್ಲಿ ಕಬ್ಬು ಅರೆಯುವ ಆಲೆಮನೆಯ ಗಾಣದ ಮೋಟಾರಿಗೆ ಸೌರ ವಿದ್ಯುತ್ ನೇರವಾಗಿ ಒಗ್ಗುತ್ತದೆ.

ಹಾಕಿದ ಮೇಲೆ

ತಿಂಗಳಿಗೆ ಎರಡು ಸಲ, ಬೆಳಿಗ್ಗೆ ಬಿಸಿಲೇರುವ ಮೊದಲು ಫಲಕ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ಬೋರ್‌ವೆಲ್ ನೀರಿನ ಬಿಳಿಕಲೆ ಉಳಿಯುತ್ತದೆ, ನಲ್ಲಿಯ ನೀರು ಒಳ್ಳೆಯದು. ಮಳೆಗಾಲಕ್ಕೆ ಮೊದಲು ಅರ್ಥಿಂಗ್ ಮತ್ತು ಸಿಡಿಲು ನಿರೋಧಕವನ್ನು ಪರೀಕ್ಷೆ ಮಾಡಿಸಿ. ಫಲಕ ಇಪ್ಪತ್ತೈದು ವರ್ಷ ಬಾಳಿದರೂ ಇನ್ವರ್ಟರ್ ಹತ್ತು ವರ್ಷದ ಆಚೀಚೆ ಬದಲಿಸಬೇಕಾಗುತ್ತದೆ. ಅದಕ್ಕಾಗಿ ಪ್ರತಿ ತಿಂಗಳ ಉಳಿತಾಯದಲ್ಲಿ ಒಂದು ಭಾಗವನ್ನು ಬೇರೆ ಖಾತೆಗೆ ಹಾಕಿ, ಯಾವ ಹಬ್ಬಕ್ಕೂ ಅದನ್ನು ಮುಟ್ಟಬೇಡಿ.

ಪ್ರತಿ ತಿಂಗಳು ಬಿಲ್ ಬಂದ ದಿನ ನಾವು ಒಂದು ಹಾಳೆಯನ್ನು ಲಿಫ್ಟ್ ಪಕ್ಕದ ಗೋಡೆಗೆ ಅಂಟಿಸುತ್ತೇವೆ: ಉತ್ಪಾದನೆಯಾದ ಯೂನಿಟ್, ಜಾಲಕ್ಕೆ ಹೋದದ್ದು, ಜಾಲದಿಂದ ಬಂದದ್ದು, ಉಳಿದ ರೂಪಾಯಿ. ಹಣ ಹಾಕಲು ಒಪ್ಪದೆ ಉಳಿದಿದ್ದ ಮನೆಗಳಲ್ಲಿ ಇಬ್ಬರು ಆ ಹಾಳೆಯನ್ನು ಕೆಲವು ತಿಂಗಳು ಓದಿದ ಮೇಲೆ ತಮ್ಮ ಪಾಲು ಎಷ್ಟಾಗುತ್ತದೆ ಎಂದು ಕೇಳಿಕೊಂಡು ಬಂದರು.