ಕಾಂಪೌಂಡ್ ಪಕ್ಕಕ್ಕೆ ಕವಳಿ ಹಾಕಿ ನೋಡಿ

ಸೈಟ್ ಅಂಚಿಗೆ ಯಾವ ಗಿಡ ಅಂತ ಕೇಳ್ತಿದ್ರಲ್ಲ, ನರ್ಸರೀಲಿ ಸಿಗೋ ಡುರಾಂಟಾ ಬೇಲಿಗಿಡ ಬಿಟ್ಟು ನಮ್ ಕಾಡಿನ ಕವಳಿ ಹಾಕಿ, ಕೆಲವು ಕಡೆ ಕರಂಡೆ ಅಂತಾರೆ. ಚೆನ್ನಾಗಿ ಬಿಸಿಲು ಬೀಳ್ಬೇಕು, ಕಲ್ಲುಮಣ್ಣಾದ್ರೂ ಬರುತ್ತೆ, ನೀರು ನಿಲ್ಲೋ ಜಾಗ ಮಾತ್ರ ಬೇಡ್ವೇ ಬೇಡ. ಬೀಜ ಒಣಗಿಸಿಟ್ರೆ ಸರಿಯಾಗಿ ಹುಟ್ಟಲ್ಲ, ಮೇ ಜೂನಲ್ಲಿ ಹಣ್ಣು ತಿಂದ ಕೂಡ್ಲೇ ಬೀಜ ತೊಳೆದು ಮಣ್ಣು ತುಂಬಿದ ಕವರ್‌ಗೆ ಹಾಕ್ಬಿಡಿ, ಮುಂದಿನ ಮಳೆಗಾಲಕ್ಕೆ ಸಸಿ 3 ಅಡಿಗೊಂದು ನೆಟ್ರೆ ಆಮೇಲೆ ಅದೇ ಬೇಲಿ ಆಗುತ್ತೆ, ದನ ಮೇಕೆ ನುಗ್ಗಲ್ಲ. ಮುಳ್ಳು ಸಖತ್ ಚೂಪು, ಮಕ್ಕಳು ಓಡಾಡೋ ಕಡೆ ಹಾಕ್ಬೇಡಿ. ಕಾಯಿ ಕಿತ್ರೆ ಬಿಳಿ ಹಾಲು ಅಂಟುತ್ತೆ, ಕೈಗೆ ಕೊಬ್ಬರಿ ಎಣ್ಣೆ ಸವರ್ಕೊಳ್ಳಿ. ಎಳೆಕಾಯಿ ಉಪ್ಪಿನಕಾಯಿಗೆ, ಕಪ್ಪು ಹಣ್ಣು ಪಿಕಳಾರ ಹಕ್ಕಿ ತಿಂದು ಬಿಟ್ಟಷ್ಟು ನಿಮಗೆ. ಹಣ್ಣು ಮುಗಿದ್ಮೇಲೆ ಕೊಂಬೆ ತುದಿ ಕತ್ತರಿಸಿ, ಹೂವು ಚಿಗುರಿನ ತುದೀಲೇ ಬರೋದು.